ಬೇರೆ ಕೈಯ ತುತ್ತು

ಕೋಮಲವಲ್ಲಿಯ ನಾಯಿ ಬೇರೆಯವರ ಕೈಯಿಂದ ಒಂದು ಅಗುಳನ್ನೂ ಮುಟ್ಟುವುದಿಲ್ಲ ಎನ್ನುವುದು ಬೇಲೂರಿನ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತುಮಾಡಿದವಳು ಅವಳೇ. ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಮಿಕ್ಕ ಮೇಡಂಗಳು ಮಕ್ಕಳ ಜಾಣತನ ಹೇಳಿಕೊಳ್ಳುತ್ತ ಡಬ್ಬಿ ಬಿಚ್ಚುವಾಗ, ಮದುವೆಯಾಗದ, ಐವತ್ತಮೂರು ವರ್ಷದ ಲೆಕ್ಕದ ಮೇಡಂ ತನ್ನ ಸರದಿ ಬಂದಾಗ ಹೇಳುತ್ತಿದ್ದುದು ಇದೊಂದನ್ನೇ. "ನೀವು ಬಾದಾಮಿ ಹಲ್ವ ತಂದು ಮುಂದಿಟ್ಟರೂ ಅಷ್ಟೇ. ನಾನು 'ಹೂಂ, ತಗೋ' ಅನ್ನದೆ ಮೂಸಿಯೂ ನೋಡಲ್ಲ."

ಹಣೆಯ ನಡುವೆ ದುಂಡಗೆ ಒಂದು ಬಿಳಿ ಮಚ್ಚೆ ಇದ್ದುದರಿಂದ ನಾಯಿಗೆ ಸೊನ್ನೆ ಎಂದು ಹೆಸರಿಟ್ಟಿದ್ದಳು. ನಾಲ್ಕು ವರ್ಷದ ಹಿಂದೆ, ಅದಿನ್ನೂ ಮರಿಯಾಗಿದ್ದಾಗ, ಯಾರೋ ಪುಣ್ಯಾತ್ಮರು ಬೋಂಡದೊಳಗೆ ವಿಷವಿಟ್ಟು ಬೀದಿಗೆಸೆದಿದ್ದರು. ಒಂದೇ ಬೆಳಿಗ್ಗೆ ನಾಲ್ಕು ನಾಯಿ ಸತ್ತಿದ್ದವು. ಅವತ್ತೇ ಕೋಮಲವಲ್ಲಿ ಪಾಠ ಶುರುಮಾಡಿದ್ದಳು. ಪಕ್ಕದ ಮನೆಯವರ ಕೈಲಿ ಬಿಸ್ಕತ್ತು ಕೊಡಿಸುವುದು, ಸೊನ್ನೆ ಬಾಯಿ ಹಾಕಿದರೆ ಗದರುವುದು, ಸುಮ್ಮನೆ ಕೂತರೆ ತಾನೇ ಎರಡು ಬಿಸ್ಕತ್ತು ಕೊಡುವುದು. ಆರು ತಿಂಗಳಲ್ಲಿ ಸೊನ್ನೆ ನೂರಕ್ಕೆ ನೂರು ತೆಗೆದುಕೊಂಡಿತ್ತು. ಎಸ್ಸೆಸ್ಸೆಲ್ಸಿಯ ಯಾವ ಮಗುವೂ ಅವಳ ಮಾತನ್ನು ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ.

ಹಾಗೆ ಹಿಡಿದ ಮಾತು ಏನು ಮಾಡುತ್ತದೆ ಎಂದು ತಿಳಿದದ್ದು ಆ ವರ್ಷದ ಶ್ರಾವಣದಲ್ಲಿ.

ಅರಸೀಕೆರೆಯಲ್ಲಿದ್ದ ತಮ್ಮ ಮುರಳೀಕೃಷ್ಣನ ಮನೆಗೆ ಒಂದು ಶನಿವಾರ ಬೆಳಿಗ್ಗೆ ಹೊರಟವಳು ಸಂಜೆಯ ಬಸ್ಸಿಗೆ ವಾಪಸ್ಸು ಎಂದೇ ಹೊರಟಿದ್ದಳು. ಸೊನ್ನೆಗೆ ಹಿತ್ತಲಲ್ಲಿ ನೀರಿಟ್ಟು, ಊಟ ಹಾಕಿ, ಮುಂಬಾಗಿಲಿಗೆ ಬೀಗ ಜಡಿದಿದ್ದಳು. ಸಂಜೆ ಬಸ್ಸು ಹತ್ತುವಾಗ ಮೆಟ್ಟಿಲು ತಪ್ಪಿ ಬಿದ್ದಳು. ಕಾಲಿನ ಗಂಟಿನ ಹತ್ತಿರ ಮೂಳೆ ಬಿರುಕುಬಿಟ್ಟಿತ್ತು. ಪ್ಲಾಸ್ಟರು ಹಾಕಿದ ಡಾಕ್ಟರು, ಮೂರು ದಿನ ಕಾಲು ಕೆಳಗಿಡಬೇಡಿ ಎಂದರು. ಬೇಲೂರಿನಲ್ಲಿ ಪಕ್ಕದ ಮನೆಯಲ್ಲೇ ಇದ್ದ ಅಣ್ಣ ಅನಂತಸ್ವಾಮಿಗೆ ಫೋನು ಮಾಡಿದಳು.

"ಬೀಗದ ಕೈ ಎಲ್ಲಿದೆ?" ಎಂದು ಅಣ್ಣ ಕೇಳಿದ.

"ನನ್ನ ಹತ್ರಾನೇ ಇದೆ."

"ಇನ್ನೊಂದು?"

"ಬೀರುವಿನೊಳಗಿದೆ."

"ಬೀರು ಎಲ್ಲಿದೆ?"

"ಮನೆಯೊಳಗೆ."

"ಲೆಕ್ಕದ ಮೇಡಮ್ಮು!" ಎಂದು ಅನಂತಸ್ವಾಮಿ ಫೋನಿಟ್ಟ.

ಅವನದು ದೇವಸ್ಥಾನದ ಅಡುಗೆಮನೆಯ ಸೇವೆ. ಬೆಳಗಿನ ಜಾವ ಮಿಂದು ಮಡಿಯುಟ್ಟರೆ ಮತ್ತೆ ಮಧ್ಯಾಹ್ನದವರೆಗೆ ಯಾರನ್ನೂ ಮುಟ್ಟದವನು. ಅಂಥವನು ದಿನಕ್ಕೆರಡು ಸಲ ಹಿತ್ತಲ ಗೋಡೆಯ ಮೇಲಿಂದ ಬಾಳೆಲೆಯಲ್ಲಿ ಮೊಸರನ್ನ ಕಟ್ಟಿ ಎಸೆದ. ದಿನಾ ಹಾಲು ಹಾಕುವ ಕೆಂಪಲಕ್ಷ್ಮಮ್ಮ ವಿಷಯ ತಿಳಿದು, ಹಿತ್ತಲ ಬಾಗಿಲಿನ ಸಂದಿಯಿಂದ ಮುದ್ದೆ ಒಳಕ್ಕೆ ತಳ್ಳಿದಳು. ಬೀದಿಯ ಕೊನೆಯ ಮನೆಯವರು ಇಡ್ಲಿ ಹಾಕಿದರು. ಯಾರೂ ಸುಮ್ಮನಿರಲಿಲ್ಲ.

ಮಂಗಳವಾರ ಮಧ್ಯಾಹ್ನ ತಮ್ಮನ ಹೆಗಲು ಹಿಡಿದು ಕುಂಟುತ್ತ ಬಂದು ಬಾಗಿಲು ತೆಗೆದಾಗ ಹಿತ್ತಲಲ್ಲಿ ಬಾಳೆಲೆಯ ಪೊಟ್ಟಣಗಳು ಬಿದ್ದ ಬಿದ್ದಲ್ಲೇ ಇದ್ದವು. ಮುದ್ದೆಗೆ ಇರುವೆ ಮುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಗುಂಡಿಯಲ್ಲಿ ನಿಂತ ಮಳೆನೀರು ಕುಡಿದುಕೊಂಡು, ಸೊನ್ನೆ ಅಡುಗೆಮನೆಯ ಬಾಗಿಲಿಗೆ ಬೆನ್ನು ಹಚ್ಚಿ ಮಲಗಿತ್ತು. ಎದ್ದು ಬಾಲ ಆಡಿಸಿತು. ಹಾರಲು ಹೋಗಿ ಹಿಂಗಾಲು ಮಡಚಿ ಕೂತುಬಿಟ್ಟಿತು.

ತಮ್ಮನ ಹೆಂಡತಿ ಶ್ರೀಜಾ ಕಟ್ಟಿಕೊಟ್ಟಿದ್ದ ಚಪಾತಿಯನ್ನು ಕೋಮಲವಲ್ಲಿ ಮುರಿದು ಮುಂದಿಟ್ಟಳು. ಸೊನ್ನೆಯ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ತಿನ್ನಲಿಲ್ಲ. ಅವಳ ಮುಖವನ್ನೇ ನೋಡುತ್ತ ಕೂತಿತ್ತು. ಯಾಕೆಂದು ಅವಳಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು.

"ಹೂಂ, ತಗೋ," ಎಂದಳು.

ಸ್ಟಾಫ್ ರೂಮಿನಲ್ಲಿ ತಾನು ಇಷ್ಟು ದಿನ ಹೇಳಿಕೊಂಡು ಮೆರೆದದ್ದು ಏನನ್ನು ಎಂದು ಅವಳಿಗೆ ಆಗ ಕಂಡಿತು. ಅತ್ತಳೆಂದು ಮುರಳೀಕೃಷ್ಣ ಆಮೇಲೆ ಹೆಂಡತಿಯ ಹತ್ತಿರ ಹೇಳಿದನಂತೆ. ಕಾಲುನೋವು ಅಂದುಕೊಂಡಿದ್ದ.

ಅತ್ತದ್ದು ಅವತ್ತೊಂದೇ ದಿನ. ಮಾರನೆಯ ದಿನ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ, ತಾನಿಲ್ಲದಾಗ ಸೊನ್ನೆಗೆ ಯಾರು ಏನು ಮಾಡಬೇಕೆಂದು ಪಟ್ಟಿ ಬರೆಯಲು ಕೂತಳು. ಅವಳಿಗೆ ಹೆದರುವುದಕ್ಕೆ ಒಂದು ದೊಡ್ಡ ಕಾರಣವೇ ಇತ್ತು. ಎರಡು ವರ್ಷದಿಂದ ತಿಂಗಳಿಗೆ ಹದಿನೈದು ದಿನ ರಕ್ತ ಹೋಗುತ್ತಿತ್ತು. ಗರ್ಭಕೋಶ ತೆಗೆಯಲೇಬೇಕೆಂದು ಹಾಸನದ ಲೇಡಿ ಡಾಕ್ಟರು ಎರಡು ಸಲ ದಿನ ಗೊತ್ತುಮಾಡಿದ್ದರು. ಎರಡು ಸಲವೂ, ಪರೀಕ್ಷೆ ಇದೆ, ರಜೆ ಇಲ್ಲ ಎಂದು ಇವಳೇ ಮುಂದೂಡಿದ್ದಳು. ನಿಜವಾದ ಕಾರಣ ಹಿತ್ತಲಲ್ಲಿ ಬಾಲ ಆಡಿಸುತ್ತಿತ್ತು. ಮೂರನೆಯ ಸಲ ಡಾಕ್ಟರು ಕನ್ನಡಕ ತೆಗೆದಿಟ್ಟು, "ಇನ್ನು ಮುಂದೂಡಿದರೆ ನಾನು ನಿಮ್ಮನ್ನ ನೋಡಲ್ಲ," ಎಂದಿದ್ದರು. ದಸರಾ ರಜೆಗೆ ದಿನ ಗೊತ್ತಾಗಿತ್ತು. ಆಸ್ಪತ್ರೆಯಲ್ಲಿ ಹತ್ತು ದಿನ. ಜೊತೆಗಿರಲು ಶ್ರೀಜಾ ಒಪ್ಪಿದ್ದಳು. ನಾಲ್ಕು ದಿನಕ್ಕೆ ಕಾಲು ಮಡಚಿದ ಸೊನ್ನೆ ಹತ್ತು ದಿನಕ್ಕೆ ಏನಾಗುತ್ತದೆ ಎನ್ನುವುದಕ್ಕೆ ಲೆಕ್ಕದ ಮೇಡಂ ಬೇಕಾಗಿರಲಿಲ್ಲ.

ಬೀಗದ ಕೈಯದು ಸುಲಭ. ಮೂರು ನಕಲು ಮಾಡಿಸಿ ಒಂದನ್ನು ಅಣ್ಣನ ಮನೆಯ ಮೊಳೆಗೆ ತಾನೇ ನೇತುಹಾಕಿ ಬಂದಳು. ಪರ್ಸಿನಲ್ಲಿಡಲು ಒಂದು ರಟ್ಟಿನ ಚೀಟಿ ಬರೆದಳು: "ನಾನು ಒಬ್ಬಳೇ ಇರುವವಳು. ಮನೆಯಲ್ಲಿ ಒಂದು ನಾಯಿ ಇದೆ. ನನಗೇನಾದರೂ ಆದರೆ ದಯವಿಟ್ಟು ಈ ನಂಬರಿಗೆ ತಿಳಿಸಿ." ನಂಬರು ಅಣ್ಣನದು. ಅನಂತಸ್ವಾಮಿ ಅದನ್ನು ದೂರದಿಂದಲೇ ಓದಿದ.

"ನಿನ್ನ ಹೆಸರೇ ಇಲ್ವಲ್ಲೇ ಇದರಲ್ಲಿ! ಜನ ಫೋನ್ ಮಾಡಿ ನಾಯಿ ಅನಾಥವಾಗಿದೆ ಅಂತಾರೆ. ಸತ್ತಿದ್ದು ಯಾರು ಅಂತ ನಾನು ಕೇಳ್ಬೇಕು."

"ಬರೀತೀನಿ ಬಿಡು. ಊಟ ಹಾಕೋದು ನೀನು ಮಾಡ್ತೀಯಾ ಹೇಳು."

"ಕೋಮಲ, ನಾನು ದೇವರಿಗೆ ಎಡೆ ಮಾಡೋ ಕೈಲಿ ಅದನ್ನ ಮುಟ್ಟೋಕಾಗತ್ತೇನೇ? ಗೋಡೆ ಮೇಲಿಂದ ಎಸಿ ಅಂದ್ರೆ ಹತ್ತು ದಿನ ಅಲ್ಲ, ಹತ್ತು ವರ್ಷ ಎಸೀತೀನಿ. ತಿನ್ನಿಸೋದು ಮಾತ್ರ ನನ್ನ ಕೈಲಿಲ್ಲ."

ಅವಳಿಗೆ ಸಿಟ್ಟು ಬರಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ. ಪಟ್ಟಿಯಲ್ಲಿ "ಬೀಗದ ಕೈ, ಫೋನು: ಅಣ್ಣ" ಎಂದಷ್ಟೇ ಬರೆದು, "ಊಟ" ಎಂಬುದರ ಮುಂದೆ ಖಾಲಿ ಬಿಟ್ಟಳು. ಖಾಲಿ ಜಾಗದಲ್ಲಿ ಬರೆಯಬಹುದಾಗಿದ್ದ ಹೆಸರು ಒಂದೇ.

ಕೆಂಪಲಕ್ಷ್ಮಮ್ಮನದು ಹಳೇಬೀಡು ರಸ್ತೆಯಲ್ಲಿ ಎರಡು ಮೈಲಿ ಆಚೆಯ ಹಳ್ಳಿ. ಹೆಚ್ಚುಕಡಿಮೆ ಕೋಮಲವಲ್ಲಿಯದೇ ವಯಸ್ಸು. ಗಂಡ ತೀರಿಕೊಂಡಿದ್ದ; ಮಗಳು ರಾಣಿಯನ್ನು ಜಾವಗಲ್ಲಿಗೆ ಕೊಟ್ಟಿತ್ತು. ಎರಡು ಹಸು ಕಟ್ಟಿಕೊಂಡು ಒಂಬತ್ತು ವರ್ಷದಿಂದ ಈ ಬೀದಿಗೆ ಹಾಲು ತರುತ್ತಿದ್ದಳು. ವಿಷಯ ಹೇಳಿದಾಗ ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

"ಅಷ್ಟೇ ತಾನೇ ಮೇಷ್ಟ್ರಮ್ಮಾರೇ? ನಮ್ಮನೇಲಿ ಹೊಟ್ಟೆಗೆ ಹಾಕೋಕೆ ಬರವಾ? ಬಿಟ್ಬುಟ್ಟು ಓಗಿ, ನಾನು ನೋಡ್ಕೋತೀನಿ."

"ತಿನ್ನಲ್ವಲ್ಲ ಕೆಂಪಲಕ್ಷ್ಮಮ್ಮ. ಅದನ್ನ ಕಲಿಸ್ಬೇಕು."

"ಉಣ್ಣೋದ ಕಲಿಸ್ಬೇಕಾ! ಕಲಿಗಾಲ."

ಶುರುವಾಯಿತು ಪಾಠ. ಕೋಮಲವಲ್ಲಿ ಪಕ್ಕದಲ್ಲಿ ನಿಂತು "ತಗೋ" ಅಂದರೆ ಸೊನ್ನೆ ಕೆಂಪಲಕ್ಷ್ಮಮ್ಮನ ಕೈಯಿಂದ ತಿನ್ನುತ್ತಿತ್ತು. ಅವಳು ಒಳಗೆ ಹೋದರೆ ಬಾಯಲ್ಲಿದ್ದ ತುತ್ತನ್ನೂ ಕೆಳಗಿಡುತ್ತಿತ್ತು. ಅವಳ ಹಳೆಯ ಸೀರೆ ಹೊದ್ದು ಕೆಂಪಲಕ್ಷ್ಮಮ್ಮ ಕೂತಳು. ಸೊನ್ನೆ ಸೀರೆಯನ್ನು ಮೂಸಿ, ಉಟ್ಟವಳ ಮುಖ ನೋಡಿ, ಆಕಳಿಸಿ ಮಲಗಿತು. ಕೊನೆಗೆ ಶಾಲೆಯ ಟೇಪ್ ರೆಕಾರ್ಡರ್ ತಂದು "ಹೂಂ, ತಗೋ" ಎಂದು ಹತ್ತು ಸಲ ಧ್ವನಿಮುದ್ರಿಸಿ, ತಾನು ಅಣ್ಣನ ಮನೆಯಲ್ಲಿ ಬಚ್ಚಿಟ್ಟುಕೊಂಡಳು. ಕೆಂಪಲಕ್ಷ್ಮಮ್ಮ ಗುಂಡಿ ಒತ್ತಿದ್ದೇ ತಡ, ಸೊನ್ನೆ ಮನೆಯ ಮೂಲೆಮೂಲೆ ಹುಡುಕಿ, ಬೀರುವಿನ ಹಿಂದೆ ಮೂತಿ ತೂರಿಸಿ, ಆಕಾಶ ನೋಡಿ ಊಳಿಟ್ಟಿತು. ಅನಂತಸ್ವಾಮಿ ಪೂಜೆಯ ನಡುವೆ ಎದ್ದುಬಂದು, "ಈ ಮನೇಲಿ ಸತ್ತೋರು ಯಾರು?" ಎಂದು ಗೋಡೆಯಾಚೆಯಿಂದ ಕೂಗಿದ.

ಹೀಗೆ ನಾಲ್ಕು ವಾರ ಹೋಯಿತು. ಕಾಲಿನ ಪ್ಲಾಸ್ಟರು ಬಿಚ್ಚಿದರು. ದಸರಾಕ್ಕೆ ಇನ್ನು ಮೂರು ವಾರ. ಆಸ್ಪತ್ರೆಗೆ ಒಂದು ಕಾಗದ ಬರೆದು ಮತ್ತೊಮ್ಮೆ ಮುಂದೂಡಿದರೆ ಏನು ಎಂಬ ಯೋಚನೆ ಅವಳಿಗೆ ಬರತೊಡಗಿತು. ಬಂದಾಗೆಲ್ಲ ಕಾಲೆಳೆಯುವಷ್ಟು ಸುಸ್ತೂ ಬರುತ್ತಿತ್ತು. ಮುಂದೂಡಲು ಮೈಯಲ್ಲಿ ರಕ್ತವೂ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ಕೆಂಪಲಕ್ಷ್ಮಮ್ಮ ಬಂದಳು. ಎಂದಿನಂತೆ ಕೋಮಲವಲ್ಲಿ ಪಾತ್ರೆ ಹಿಡಿದಳು. ಎಂದಿನಂತೆ ಕೆಂಪಲಕ್ಷ್ಮಮ್ಮ ಪಾತ್ರೆಗೆ ತಾಕದ ಹಾಗೆ ಮೇಲಿನಿಂದ ಹಾಲು ಹೊಯ್ದಳು. ಕೋಮಲವಲ್ಲಿ ಒಳಗೆ ತಿರುಗುತ್ತ, ಬಾಗಿಲ ಪಕ್ಕದ ತಂಬಿಗೆಯಿಂದ ನಾಲ್ಕು ಹನಿ ನೀರನ್ನು ಪಾತ್ರೆಯ ಮೈಗೆ ಚಿಮುಕಿಸಿದಳು.

"ಮೇಷ್ಟ್ರಮ್ಮಾರೇ, ಒಂದು ಮಾತು ಕೇಳ್ಲಾ? ಸಿಟ್ಟಾಗ್ಬಾರ್ದು."

"ಕೇಳಿ."

"ಒಂಬತ್ತು ವರ್ಸ ಆಯ್ತು ನಾನು ಬತ್ತಾ. ನನ್ನ ಕೈಯಿಂದ ನೀವು ಒಂದು ಕಾಳು ಸಕ್ರೆ ಬಾಯಿಗೆ ಹಾಕ್ಕೊಂಡಿದ್ದುಂಟಾ? ನಾನು ಕೊಟ್ಟ ಹಾಲಿಗೂ ನೀರು ತೋರಿಸ್ತೀರಾ." ಅವಳು ನಗುತ್ತಲೇ ಹೇಳಿದಳು. ನಗು ಕಣ್ಣಿನವರೆಗೆ ಹೋಗಿರಲಿಲ್ಲ. "ಆ ನಾಯಿಗೆ ಕಣ್ಣಿಲ್ವಾ? ದಿನಾ ಬಾಗ್ಲಲ್ಲೇ ಕೂತು ನೋಡ್ತೈತೆ. ಈವಮ್ಮನ ಕೈದು ನಮ್ಮಮ್ಮನೇ ತಿನ್ನಲ್ಲ, ನಾನ್ಯಾಕೆ ತಿನ್ಲಿ ಅಂತೈತೆ. ನಿಮ್ಮ ನಾಯಿ ನಿಮಗಿಂತ ಮಡಿ ಕಣ್ರೀ."

ಕೋಮಲವಲ್ಲಿ ಪಾತ್ರೆ ಹಿಡಿದು ನಿಂತೇ ಇದ್ದಳು. ನೀರು ಚಿಮುಕಿಸುವುದು ಅವಳ ನಂಬಿಕೆಯಾಗಿರಲಿಲ್ಲ. ಕೇಳಿದ್ದರೆ, ಜಾತಿಗೀತಿ ನನಗಿಲ್ಲ ಎಂದು ಯಾವ ಸಭೆಯಲ್ಲಾದರೂ ಹೇಳುತ್ತಿದ್ದಳು. ಶಾಲೆಯಲ್ಲಿ ಮಕ್ಕಳಿಗೆ ಹೇಳಿಯೂ ಇದ್ದಳು. ಅದು ಅಮ್ಮನ ಕೈ ಮಾಡುತ್ತಿದ್ದ ಕೆಲಸ. ಅಮ್ಮ ತೀರಿಕೊಂಡು ಎಂಟು ವರ್ಷವಾದರೂ ಇವಳ ಕೈ ಅದನ್ನು ಮಾಡಿಕೊಂಡು ಬಂದಿತ್ತು, ಇವಳನ್ನು ಕೇಳದೆ. ಬಾಯಲ್ಲಿ "ಬನ್ನಿ, ಹೋಗಿ" ಎಂದು ಗೌರವದ ಮಾತಾಡುತ್ತ ಕೈಯಲ್ಲಿ ನೀರು ಚಿಮುಕಿಸುವುದನ್ನು ಒಂಬತ್ತು ವರ್ಷ ಈ ಹೆಂಗಸು ನೋಡಿಕೊಂಡು, ಹಾಲಿಗೆ ನೀರು ಬೆರೆಸದೆ ತಂದಿದ್ದಳು.

ಇನ್ನೂ ಒಂದು ವಿಷಯ ಅವಳಿಗೆ ಹೊಳೆಯಿತು. ಅದು ಕೆಂಪಲಕ್ಷ್ಮಮ್ಮನಿಗೆ ಸಂಬಂಧಿಸಿದ್ದೇ ಅಲ್ಲ. ಅಮ್ಮ ಹೋದ ಮೇಲೆ ತನಗೆ ಯಾರೂ ಬಡಿಸಿಲ್ಲ. ಮದುವೆಮನೆಯ ಪಂಕ್ತಿ ಬಿಟ್ಟರೆ, ಇದು ನಿನಗೆ ಎಂದು ಯಾರೂ ತಟ್ಟೆ ಮುಂದಿಟ್ಟಿಲ್ಲ. ಇಡಲು ಬಂದವರಿಗೆಲ್ಲ, ಆಯ್ತು, ನನ್ನದು ಊಟ ಆಯ್ತು ಎಂದು ಹೇಳಿ ಹೇಳಿ ಜನರಿಗೆ ರೂಢಿಮಾಡಿಸಿದವಳೂ ತಾನೇ. ಒಬ್ಬಳೇ ಬದುಕುವ ಹೆಂಗಸು ಯಾರ ಹಂಗಿಗೂ ಬೀಳಬಾರದು ಎನ್ನುವ ಪಾಠವನ್ನು ಆರು ತಿಂಗಳಲ್ಲ, ಮೂವತ್ತು ವರ್ಷ ಕಲಿತಿದ್ದಳು.

"ಭಾನುವಾರ ನಿಮ್ಮನೇಲಿ ಏನಡುಗೆ?" ಎಂದು ಕೇಳಿದಳು.

ಕೆಂಪಲಕ್ಷ್ಮಮ್ಮ ಹಾಲಿನ ಕ್ಯಾನು ಎತ್ತುವವಳು ನಿಂತಳು. "ಯಾಕ್ರವ್ವ?"

"ನಾನೂ ಸೊನ್ನೆಯೂ ಊಟಕ್ಕೆ ಬರ್ತೀವಿ."

ಭಾನುವಾರ ಆಟೋದವನು ನಾಯಿಗೆ ಬೇರೆ ಐದು ರೂಪಾಯಿ ಕೇಳಿ, ಕೋಮಲವಲ್ಲಿಯ ಮುಖ ನೋಡಿ ಸುಮ್ಮನಾದ. ಕೆಂಪಲಕ್ಷ್ಮಮ್ಮನ ಮನೆ ಸಾರಿಸಿ ರಂಗೋಲಿ ಬಿಟ್ಟಿತ್ತು. ಜಗಲಿಯ ಮೇಲೆ ಹೊಸ ಚಾಪೆ. ಒಳಗಿನಿಂದ ಹುರಿದ ಒಣಮೆಣಸಿನಕಾಯಿಯ ಘಾಟು.

"ಹೊಸಾ ಮಡಕೇಲಿ ಮಾಡೀನಿ," ಎಂದಳು ಕೆಂಪಲಕ್ಷ್ಮಮ್ಮ ಬಾಗಿಲಲ್ಲೇ. "ಕೋಳಿ ಗೀಳಿ ಏನೂ ಸೋಕಿಲ್ಲ. ತಟ್ಟೇನೂ ಹೊಸಾದು, ಸಂತೇಲಿ ತಂದೆ."

"ಇಷ್ಟೆಲ್ಲ ಯಾಕೆ?"

"ನಿಮಗೆ ಬ್ಯಾಡ್ದಿದ್ರೂ ನನಗೆ ಬೇಕು. ಆಮೇಲೆ ನಿಮ್ಮಣ್ಣಾರು ನನ್ನ ಬೈಬಾರ್ದು."

ಮುದ್ದೆ, ಸೊಪ್ಪಿನ ಸಾರು, ಅಂಗೈಯಷ್ಟು ಬೆಣ್ಣೆ. ಕೋಮಲವಲ್ಲಿ ಮುದ್ದೆಯ ಚೂರನ್ನು ಬಾಯಿಗಿಟ್ಟು ಅಗಿದಳು. ಹಲ್ಲಿಗೆ ಅಂಟಿತು.

"ಅಯ್ಯೋ ಅಗೀಬ್ಯಾಡಿ, ನುಂಗಿ! ಇಷ್ಟು ಓದೀರಾ, ಮುದ್ದೆ ನುಂಗೋಕ್ ಬರಲ್ವಾ?"

"ಪುಸ್ತಕದಲ್ಲಿ ಇರಲಿಲ್ಲ."

"ಇರೋದ್ನೆಲ್ಲಾ ಪುಸ್ತಕದಲ್ಲೇ ಹುಡುಕ್ತಾರೆ." ಎನ್ನುತ್ತ ಕೆಂಪಲಕ್ಷ್ಮಮ್ಮ ತಾನೇ ಒಂದು ಚೂರು ಮುರಿದು, ಸಾರಿನಲ್ಲಿ ಅದ್ದಿ, ಬಾಯಿ ತೆಗೀರಿ ಎಂಬಂತೆ ಗದ್ದ ಎತ್ತಿದಳು. ಕೋಮಲವಲ್ಲಿ ಬಾಯಿ ತೆರೆದಳು. ತುತ್ತು ಗಂಟಲಲ್ಲಿ ಜಾರಿ ಹೋಯಿತು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಅದು ಖಾರಕ್ಕೇ ಎಂದು ಇಬ್ಬರೂ ಒಪ್ಪಿಕೊಂಡರು.

ಸೊನ್ನೆ ಜಗಲಿಯ ಕೆಳಗೆ ಕೂತು ಒಂದೊಂದು ತುತ್ತನ್ನೂ ನೋಡಿತು. ಅದರ ಮುಂದೆ ಕೆಂಪಲಕ್ಷ್ಮಮ್ಮ ಹಾಕಿದ ಮುದ್ದೆ ಹಾಗೇ ಇತ್ತು. ಅದು ತಿರುತಿರುಗಿ ಕೋಮಲವಲ್ಲಿಯ ಬಾಯಿ ನೋಡುತ್ತಿತ್ತು, ಆ ಎರಡು ಮಾತಿಗಾಗಿ. ಅವಳು ತುಟಿ ಬಿಗಿಹಿಡಿದಳು. ಸೊನ್ನೆ ತಿನ್ನಲಿಲ್ಲ.

ಸೋಮವಾರ ಶಾಲೆ ಮುಗಿಸಿ ಹೋದಳು. ಮಂಗಳವಾರವೂ ಹೋದಳು. ಬೀದಿಯಲ್ಲಿ ಮಾತಾಯಿತು. ಅನಂತಸ್ವಾಮಿ ಗೋಡೆಯಾಚೆಯಿಂದ, "ನೀನು ಅಲ್ಲಿ ಊಟ ಮಾಡ್ತಿದೀಯಂತೆ," ಎಂದ.

"ಹೌದು ಅಣ್ಣ. ಸೊಪ್ಪಿನ ಸಾರು ಚೆನ್ನಾಗಿ ಮಾಡ್ತಾರೆ."

ಅವನು "ಅಮ್ಮ ಇದ್ದಿದ್ರೆ..." ಎಂದು ಶುರುಮಾಡಿ, ತಂಗಿಯ ಬಿಳಿಚಿಕೊಂಡ ಮುಖ, ಒಣಗಿದ ತುಟಿ ನೋಡಿ, "ಹಾಸನಕ್ಕೆ ಟ್ಯಾಕ್ಸಿ ನಾನು ಹೇಳ್ತೀನಿ, ನೀನು ಬಸ್ಸು ಹತ್ಬೇಡ," ಎಂದು ಮಾತು ಮುಗಿಸಿದ.

ಬುಧವಾರ, ಗುರುವಾರ. ಸೊನ್ನೆ ಮೂಸಿತು, ಒಂದು ಸಲ ನೆಕ್ಕಿತು. ಅಲ್ಲಿಗೆ ನಿಂತಿತು. ಮನೆಗೆ ಹೋದ ಮೇಲೆ ಕೋಮಲವಲ್ಲಿ "ತಗೋ" ಎಂದು ಹಾಕಿದ್ದನ್ನು ಮಾತ್ರ ತಿನ್ನುತ್ತಿತ್ತು.

ಮುಂದಿನ ಭಾನುವಾರ ಬಿಸಿಲು ಜೋರಾಗಿತ್ತು. ಆ ವಾರ ರಕ್ತ ಹೆಚ್ಚು ಹೋಗಿತ್ತು. ಊಟ ಮುಗಿಸಿ ಕೈ ತೊಳೆಯಲು ಎದ್ದ ಕೋಮಲವಲ್ಲಿ ಕಣ್ಣು ಕತ್ತಲಿಟ್ಟಂತಾಗಿ ಕಂಬ ಹಿಡಿದು ನಿಂತಳು.

"ಒಂದ್ಗಳಿಗೆ ಮಲೀಕ್ಕೊಳಿ," ಎಂದು ಕೆಂಪಲಕ್ಷ್ಮಮ್ಮ ದಿಂಬು ತಂದಿಟ್ಟಳು.

"ಬೇಡ, ಬೇಡ. ಹೊರಡ್ತೀನಿ."

"ಬ್ಯಾಡ ಬ್ಯಾಡ ಅಂದೂ ಅಂದೂ ಆ ನಾಯೀನೂ ಕೆಡಿಸಿದ್ದೀರಾ. ಮಲೀಕ್ಕೊಳಿ ಅಂದ್ರೆ ಮಲೀಕ್ಕೋಬೇಕು."

ಮಲಗಿದಳು. ಐದು ನಿಮಿಷ ಎಂದುಕೊಂಡೇ ಮಲಗಿದಳು. ಹಗಲು ಹೊತ್ತು ಇನ್ನೊಬ್ಬರ ಮನೆಯ ಜಗಲಿಯಲ್ಲಿ ಮಲಗಿದ್ದು ಅವಳಿಗೆ ನೆನಪೇ ಇರಲಿಲ್ಲ. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವ ಸದ್ದು, ಒಳಗೆ ಪಾತ್ರೆ ತಿಕ್ಕುವ ಸದ್ದು. ಯಾರೋ ತನ್ನ ಎಂಜಲು ತಟ್ಟೆ ತೊಳೆಯುತ್ತಿದ್ದಾರೆ, ಎದ್ದು ತಾನೇ ತೊಳೆಯಬೇಕು ಎಂದುಕೊಳ್ಳುತ್ತಿರುವಾಗಲೇ ನಿದ್ದೆ ಬಂದುಬಿಟ್ಟಿತು. ಬಾಯಿ ಅರ್ಧ ತೆರೆದು, ಸೆರಗು ಜಾರಿ, ಗೊರಕೆ ಹೊಡೆಯುವಂಥ ನಿದ್ದೆ.

ಎದ್ದಾಗ ಬಿಸಿಲು ಜಗಲಿಯಿಂದ ಇಳಿದಿತ್ತು. ಮೈಮೇಲೆ ಯಾರೋ ಹಳೆಯ ಸೀರೆ ಹೊದಿಸಿದ್ದರು. ಕೆಂಪಲಕ್ಷ್ಮಮ್ಮ ಹೊಸಿಲ ಮೇಲೆ ಕೂತು ಅಲಸಂದೆಕಾಯಿ ಬಿಡಿಸುತ್ತ, ನಗು ತಡೆದುಕೊಂಡು ಇವಳನ್ನೇ ನೋಡುತ್ತಿದ್ದಳು. ಸೊನ್ನೆ ಅವಳ ಕಾಲ ಹತ್ತಿರ ಒರಗಿ ಮಲಗಿತ್ತು. ಅದರ ತಟ್ಟೆ ಖಾಲಿ.

"ಕೋಳಿ ಬಂದು ತಿಂತೇನೋ," ಎಂದಳು ಕೋಮಲವಲ್ಲಿ.

"ಯಾವ್ ಕೋಳಿ? ಅವ್ನೇ ತಿಂದ. ಒಂದ್ ಮುದ್ದೆ ಸಾಲ್ದು ಅಂತ ಇನ್ನರ್ಧ ಹಾಕ್ಸ್ಕೊಂಡ."

"ನಾನು ನೋಡಲೇ ಇಲ್ಲ."

"ನೀವು ನೋಡ್ನಿಲ್ಲ ಅಂತಾನೇ ತಿಂದಿದ್ದು." ಅವಳು ಅಲಸಂದೆಯ ಸಿಪ್ಪೆ ಕೊಡವಿದಳು. "ನೀವು ಮಲಗಿದ್ರಾ, ಬಂದು ನಿಮ್ಮ ಮೂತಿ ಮೂಸ್ದ. ಎದ್ದೇಳ್ತೀರಾ ಅಂತ ಕಾದ. ಆಮೇಲೆ ನನ್ನ ನೋಡ್ದ. ತಿನ್ನು ಮಗ ಅಂದೆ. ಅಷ್ಟೇಯ."

ಅಷ್ಟೇ. ನಾಲ್ಕು ವಾರದ ಪಾಠ, ಟೇಪ್ ರೆಕಾರ್ಡರು ಮಾಡದ್ದನ್ನು ತನ್ನ ಒಂದು ಗಂಟೆಯ ಗೊರಕೆ ಮಾಡಿತ್ತು. ಕಾವಲು ಕಾಯುವುದನ್ನು ತಾನು ಬಿಟ್ಟಾಗಲೇ ಆ ನಾಯಿಯೂ ಬಿಟ್ಟಿತ್ತು. ಕೋಮಲವಲ್ಲಿಗೆ ನಗು ಬಂತು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಯಾಕೆಂದು ಗೊತ್ತಿಲ್ಲದೆ ಕೆಂಪಲಕ್ಷ್ಮಮ್ಮನೂ ನಕ್ಕಳು.

ಒಂದು ಸಲ ತಿಂದದ್ದಕ್ಕೆ ಪಾಸು ಎನ್ನುವ ಪೈಕಿಯವಳಲ್ಲ ಅವಳು. ಮುಂದಿನ ವಾರ ಪೂರ್ವಸಿದ್ಧತಾ ಪರೀಕ್ಷೆ ಇಟ್ಟಳು. ಶುಕ್ರವಾರ ಸಂಜೆ ಸೊನ್ನೆಯನ್ನು ಅಲ್ಲಿ ಬಿಟ್ಟು, ಹಿಂದೆ ತಿರುಗಿ ನೋಡದೆ ಬಂದಳು. ಶನಿವಾರ ಬೆಳಿಗ್ಗೆ ಹಾಲಿನ ಹೊತ್ತಿಗೆ ಪಾತ್ರೆ ಹಿಡಿದು ಬೀದಿಯ ತಿರುವಿನ ತನಕ ಹೋಗಿ ನಿಂತಿದ್ದಳು. ಕೆಂಪಲಕ್ಷ್ಮಮ್ಮ ದೂರದಿಂದಲೇ ಕೈಯಲ್ಲಿ ಎರಡು ಬೆರಳು ತೋರಿಸಿದಳು. ಎರಡು ಹೊತ್ತೂ ತಿಂದಿತ್ತು. ಭಾನುವಾರ ಬೆಳಿಗ್ಗೆ, ಅಲ್ಲಿಂದೀಚೆಗಿನ ಮೂರು ಹೊತ್ತಿಗೆ ಮೂರು ಬೆರಳು ತೋರಿಸಬೇಕಾದವಳು ಐದೂ ತೋರಿಸಿದಳು. "ಕಳ್ಳ, ಮಧ್ಯದಲ್ಲಿ ಎಲ್ಡು ಸಲ ಜಾಸ್ತಿ ಹೊಡ್ದ!"

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಕೋಮಲವಲ್ಲಿ ಕಾಗದ ಪತ್ರ ತೆಗೆದುಕೊಂಡು ಹೋದಳು. ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿ ಹೇಳಿದಳು. ಹುಚ್ಚುನಾಯಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದು, ಮುಂದೆ ಯಾವಾಗ. ಗುಡುಗಿಗೆ ಹೆದರಿದರೆ ಮಂಚದ ಕೆಳಗೆ ಬಿಡಬೇಕು. ಎಲೆ ಹಾಕುವ ಬಾಯಿಯವರನ್ನು ಕಂಡರೆ ಬೊಗಳುತ್ತದೆ. ಊಟದಲ್ಲಿ ಏನು ಹಾಕಿದಿರಿ ಎಂದು ನನಗೆ ಹೇಳಬೇಕಾಗಿಲ್ಲ.

"ಅಂದ್ರೆ ಕೋಳಿ ಸಾರು ಹಾಕ್ಬೋದು," ಎಂದಳು ಕೆಂಪಲಕ್ಷ್ಮಮ್ಮ.

"ನಾನೇನೂ ಕೇಳಿಸಿಕೊಳ್ಳಲಿಲ್ಲ." ಕೋಮಲವಲ್ಲಿ ಹಾಳೆ ತಿರುವಿದಳು. ಇನ್ನೊಂದು ಸಾಲು ಉಳಿದಿತ್ತು. ಅದನ್ನು ಓದುವಾಗ ಧ್ವನಿ ನಡುಗಬಾರದೆಂದು ಮನೆಯಲ್ಲೇ ಎರಡು ಸಲ ಓದಿಕೊಂಡಿದ್ದಳು. "ಆಪರೇಷನ್ನಿನಲ್ಲಿ ನನಗೆ ಹೆಚ್ಚುಕಡಿಮೆಯಾಗಿ ವಾಪಸ್ಸು ಬರದಿದ್ದರೆ, ಸೊನ್ನೆ ಕೆಂಪಲಕ್ಷ್ಮಮ್ಮನವರಿಗೆ ಸೇರಿದ್ದು. ಬೇರೆ ಯಾರೂ ಕೇಳಕೂಡದು."

ನಡುಗಲಿಲ್ಲ.

ಕೆಂಪಲಕ್ಷ್ಮಮ್ಮ, ಬಿಡ್ತು ಅನ್ನಿ ಎನ್ನುತ್ತಾಳೆ ಎಂದುಕೊಂಡಿದ್ದಳು. ಅವಳು ಅನ್ನಲಿಲ್ಲ. "ಸರಿ," ಎಂದಳು. ಆಮೇಲೆ ಗಲ್ಲಕ್ಕೆ ಕೈಯಿಟ್ಟು ಯೋಚಿಸಿ, "ನಿಮ್ದಾಯ್ತು. ಈಗ ನಂದು ಬರ್ಕೊಳಿ," ಎಂದಳು.

"ನಿಮ್ಮದೇನು?"

"ನಾನೂ ಒಂಟೀನೇ ಅಲ್ವಾ? ನಿಮಗೊಂದು ನಾಯಿ ಅಂದ್ರೆ ನನಗೆ ಎಲ್ಡು ಹಸ. ಹೋದ ವರ್ಸ ಜರ ಬಂದು ನಾಕ್ ದಿನ ಬಿದ್ದಿದ್ನಲ್ಲ, ಹಾಲ್ಯಾಕೆ ಬರ್ನಿಲ್ಲ ಅಂತ ಇಡೀ ಬೀದಿ ಕೇಳ್ತು. ಹಸ ಎಂಗವೆ, ಯಾರು ಕರೆದ್ರು ಅಂತ ಒಬ್ರೂ ಕೇಳ್ನಿಲ್ಲ. ನೀವೂ ಕೇಳ್ನಿಲ್ಲ."

ಕೋಮಲವಲ್ಲಿ ನೆನಪು ಮಾಡಿಕೊಂಡಳು. ಆ ನಾಲ್ಕು ದಿನ ಪ್ಯಾಕೆಟ್ ಹಾಲು ತಂದಿದ್ದು ನೆನಪಾಯಿತು. ಬೇರೇನೂ ನೆನಪಾಗಲಿಲ್ಲ.

"ಇಲ್ಲ, ಕೇಳಲಿಲ್ಲ," ಎಂದಳು.

"ನನಗೇನಾದ್ರೂ ಆದ್ರೆ ರಾಣಿ ಜಾವಗಲ್ಲಿಂದ ಬರೋಗಂಟ ಅವನ್ನ ನೀವು ನೋಡ್ಕೋಬೇಕು. ಬರೀರಿ."

"ನನಗೆ ಹಾಲು ಕರೆಯೋಕೆ ಬರಲ್ವಲ್ಲ ಕೆಂಪಲಕ್ಷ್ಮಮ್ಮ!"

"ಮುದ್ದೆ ನುಂಗೋಕೆ ಬತ್ತಿತ್ತಾ?"

ಕೋಮಲವಲ್ಲಿ ಹೊಸ ಹಾಳೆ ತೆಗೆದಳು. ಮೇಲೆ ತಾರೀಖು ಹಾಕಿ, ಕೆಂಪಲಕ್ಷ್ಮಮ್ಮನವರ ಹಸುಗಳು ಎಂದು ಬರೆದು ಅಡಿಗೆರೆ ಎಳೆದಳು.

"ಯೋಳ್ಲಾ? ದೊಡ್ಡವಳು ಸಾಧು, ಯಾರು ಕೂತ್ರೂ ಬಿಡ್ತಾಳೆ. ಚಿಕ್ಕವಳು ಕೊಬ್ಬು. ಬಲಗಡೆ ಕೂತ್ರೆ ಒದೀತಾಳೆ. ಎಡಗಡೆಯಿಂದ್ಲೇ ಹೋಗ್ಬೇಕು, ಹೋಗೋವಾಗ ಬೆನ್ನ ಮೇಲೆ ಒಂದು ಕೈ ಇಟ್ಟಿರ್ಬೇಕು, ಇಲ್ದಿದ್ರೆ..."

"ನಿಧಾನ, ನಿಧಾನ. ಎಡಗಡೆ ಅಂದ್ರೆ ಹಸುವಿನ ಎಡವೋ, ನಾವು ಎದುರಿಗೆ ನಿಂತಾಗ ನಮ್ಮ ಎಡವೋ?"

ಕೆಂಪಲಕ್ಷ್ಮಮ್ಮ ಎರಡೂ ಕೈಯನ್ನು ಮುಂದೆ ಚಾಚಿ ನೋಡಿಕೊಂಡಳು. ಮೂವತ್ತು ವರ್ಷ ಹಾಲು ಕರೆದ ಕೈಗೆ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ಥೂ, ಬರೆದ್ರೆ ಎಲ್ಲಿ ಬತ್ತದೆ ಇದು! ಏಳಿ, ಬನ್ನಿ ಕೊಟ್ಟಿಗೇಗೆ. ಕೂತು ಕರೆದು ನೋಡಿ."

ಕೋಮಲವಲ್ಲಿ ಹಾಳೆಯ ಮೇಲೆ ಪೆನ್ನಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ಒದ್ದರೆ?"

"ಹೆಂಗೂ ನಾಳೆ ಆಸ್ಪತ್ರೆಗೆ ಹೊಂಟಿದ್ದೀರಲ್ಲ," ಎಂದಳು ಕೆಂಪಲಕ್ಷ್ಮಮ್ಮ ಮುಂದೆ ನಡೆಯುತ್ತ.